ಅಜೋಲಾ ಎಲೆಯೊಳಗೆ ಕೂತಿರುವ ಪಾಚಿ ಮುಂದೆ ಕ್ಲೋರೋಪ್ಲಾಸ್ಟ್ ಆಗುತ್ತಾ?

ಗದ್ದೆಬದಿ (ತೀರ್ಥಹಳ್ಳಿ):
ಕೊಟ್ಟಿಗೆ ಹಿಂದೆ ಟಾರ್ಪಾಲಿನ್ ಹಾಸಿ ಅಜೋಲಾ (ನೀರಿನ ಮೇಲೆ ತೇಲುವ ಸಣ್ಣ ಜರೀಗಿಡ) ಬೆಳೆಸುತ್ತಿದ್ದೇವೆ. ಹಿಂಡಿ ಜೊತೆ ಕಲಸಿ ದನಕ್ಕೆ ಕೊಡುತ್ತೇವೆ. ಮಗಳು ಮೊದಲ ಪಿಯುಸಿ. ಒಂದು ಹಿಡಿ ಅಜೋಲಾ ಡಬ್ಬಿಯಲ್ಲಿ ಹಾಕಿಕೊಂಡು ಕಾಲೇಜಿಗೆ ಹೋಗಿ ಮೈಕ್ರೋಸ್ಕೋಪಿನಲ್ಲಿ ನೋಡಿಕೊಂಡು ಬಂದಳು. ಎಲೆ ಹಿಚುಕಿದರೆ ಒಳಗಿನಿಂದ ದುಂಡು ಕೋಶಗಳ ಸಣ್ಣ ಸಣ್ಣ ಸರಗಳು ಹೊರಗೆ ಬಂದವಂತೆ. ಅದು ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯಾ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ. ಇಷ್ಟು ಗೊತ್ತಾಯಿತು.

ಈಗ ಅವಳ ಪ್ರಶ್ನೆ. ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಕೂಡ ಒಂದಾನೊಂದು ಕಾಲದಲ್ಲಿ ಬೇರೆ ಜೀವವಾಗಿತ್ತು, ಇಂಥದ್ದೇ ಸಯನೋಬ್ಯಾಕ್ಟೀರಿಯಾ, ಇನ್ನೊಂದು ಕೋಶದ ಒಳಗೆ ಹೋಗಿ ಅಲ್ಲೇ ಉಳಿದುಬಿಟ್ಟಿತು ಅಂತ ಓದಿದ್ದಾಳೆ. ಎಂಡೋಸಿಂಬಯೋಸಿಸ್ ಅನ್ನುತ್ತಾರಂತೆ. ಹಾಗಾದರೆ ನಮ್ಮ ಗುಂಡಿಯಲ್ಲಿ ನಡೆಯುತ್ತಿರುವುದೂ ಅದೇನಾ? ಇನ್ನಷ್ಟು ಲಕ್ಷ ವರ್ಷ ಬಿಟ್ಟರೆ ಈ ಪಾಚಿಯೂ ಗಿಡದ ಒಂದು ಭಾಗ ಆಗಿಬಿಡುತ್ತಾ? ನನಗಂತೂ ಉತ್ತರ ಗೊತ್ತಿಲ್ಲ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಬೋರ್ಡೋ (ಕೊಪ್ಪ):
ಲಕ್ಷ ವರ್ಷ ಆಮೇಲೆ ನೋಡೋಣ. ಮೊದಲು ದನ ತಿನ್ನುತ್ತದಾ ಹೇಳಿ. ನಮ್ಮಲ್ಲಿ ಮೂಸಿ ನೋಡಿ ಮುಖ ತಿರುಗಿಸುತ್ತದೆ.

ದನದ ಡಾಕ್ಟ್ರು (ಹೊಸನಗರ):
ತೊಳೆದು ಕೊಡಿ ಮಾರಾಯ್ರೆ. ಗುಂಡಿಗೆ ಹಾಕಿದ ಸಗಣಿ ವಾಸನೆ ಹೋಗಬೇಕು. ಶುರುವಿನಲ್ಲಿ ಒಂದು ಮುಷ್ಟಿ ಹಿಂಡಿಯಲ್ಲಿ ಬೆರೆಸಿ, ಆಮೇಲೆ ಜಾಸ್ತಿ ಮಾಡಿ. ಪ್ರಶ್ನೆ ಚೆನ್ನಾಗಿದೆ, ಮೇಷ್ಟ್ರು ಬರಲಿ.

ಬಯಾಲಜಿ ಮೇಷ್ಟ್ರು (ಶಿವಮೊಗ್ಗ):
ಬಂದೆ. ಮೊದಲು ಜಾಗ ಎಲ್ಲಿ ಅಂತ ನೋಡಿಕೊಳ್ಳೋಣ. ಅಜೋಲಾದ ಪ್ರತಿ ಎಲೆಯಲ್ಲೂ ಎರಡು ಹಾಳೆ ಇರುತ್ತವೆ. ಮೇಲಿನ ದಪ್ಪ ಹಾಳೆಯಲ್ಲಿ ಒಂದು ಸಣ್ಣ ಪೊಳ್ಳು ಇದೆ. ಪಾಚಿ ಇರುವುದು ಆ ಪೊಳ್ಳಿನಲ್ಲಿ. ಅಂದರೆ ಎಲೆಯ ಒಳಗೆ ಹೌದು, ಎಲೆಯ ಕೋಶದ ಒಳಗೆ ಅಲ್ಲ. ಕ್ಲೋರೋಪ್ಲಾಸ್ಟ್ ಇರುವುದು ಕೋಶದ ಒಳಗೆ. ಹಾಗಾಗಿ ಅಜೋಲಾವನ್ನು ಕಟ್ಟುನಿಟ್ಟಾಗಿ ನೋಡಿದರೆ ಸಹಜೀವನ ಅನ್ನಬಹುದು, ಕೋಶದೊಳಗಿನ ಸಹಜೀವನ ಅನ್ನಲು ಬರುವುದಿಲ್ಲ.

ಆದರೆ ನಿಮ್ಮ ಮಗಳ ಅನುಮಾನ ದಂಡ ಅಲ್ಲ. ಅಜೋಲಾದ ಈ ಪಾಚಿ ಹೊರಗಡೆ ತಾನಾಗಿ ಬದುಕಿದ್ದನ್ನು ಯಾರೂ ಕಂಡಿಲ್ಲ. ಗಿಡ ಬೀಜಕದ ಚೀಲ ಕಟ್ಟುವಾಗ ಅದರೊಳಗೆ ಒಂದಿಷ್ಟು ಪಾಚಿಯನ್ನೂ ಇಟ್ಟು ಮುಂದಿನ ತಲೆಮಾರಿಗೆ ದಾಟಿಸುತ್ತದೆ. ಹುಟ್ಟಿದ ಮರಿಗಿಡ ಪಾಚಿಯನ್ನು ಹೊರಗಿನಿಂದ ಹುಡುಕಿಕೊಂಡು ಹೋಗಬೇಕಾಗಿಲ್ಲ. ಪಾಚಿಯ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ, ಓದಿದಾಗ ತುಂಬಾ ಜೀನ್‌ಗಳು ಮುರಿದು ಹಾಳಾಗಿರುವುದು ಕಂಡಿತು. ಒಂದೇ ಮನೆಯಲ್ಲಿ ಬಹಳ ಕಾಲ ಕೂತವರ ಲಕ್ಷಣ ಅದು.

ಇನ್ನು ಕ್ಲೋರೋಪ್ಲಾಸ್ಟ್ ಬೇರೆ ಜೀವವಾಗಿತ್ತು ಅನ್ನುವುದಕ್ಕೆ ಏನು ಆಧಾರ? ಅದಕ್ಕೆ ತನ್ನದೇ ಡಿಎನ್‌ಎ ಇದೆ. ತನ್ನದೇ ರೈಬೋಸೋಮ್ (ಪ್ರೋಟೀನ್ ಕಟ್ಟುವ ಯಂತ್ರ) ಇದೆ, ಅದೂ ಬ್ಯಾಕ್ಟೀರಿಯಾದ ಜಾತಿಯದ್ದು. ಸುತ್ತ ಎರಡು ಪೊರೆ. ಕೋಶ ಅದನ್ನು ಹೊಸದಾಗಿ ಕಟ್ಟಲಾರದು. ಇರುವ ಕ್ಲೋರೋಪ್ಲಾಸ್ಟೇ ಸೊಂಟ ಬಿಗಿದು ಎರಡಾಗಬೇಕು. ಬ್ಯಾಕ್ಟೀರಿಯಾ ಹೀಗೇ ಎರಡಾಗುವುದು, ಎರಡರಲ್ಲೂ ಆ ಕೆಲಸಕ್ಕೆ ಬಳಕೆಯಾಗುವ ಎಫ್‌ಟಿಎಸ್‌ಝಡ್ ಪ್ರೋಟೀನ್ ಕೂಡ ಒಂದೇ ವಂಶದ್ದು. ಕೋಶಕ್ಕೆ ಶಕ್ತಿ ಮಾಡಿಕೊಡುವ ಅಂಗ ಮೈಟೋಕಾಂಡ್ರಿಯಾ, ಅದರ ಕಥೆಯೂ ಹೆಚ್ಚುಕಡಿಮೆ ಇದೇ. ಅದರ ಮೂಲ ಮಾತ್ರ ಬೇರೆ ಗುಂಪಿನ ಬ್ಯಾಕ್ಟೀರಿಯಾ.

ಈ ವಿಚಾರ ಹೊಸದೂ ಅಲ್ಲ. ಜರ್ಮನಿಯ ಶಿಂಪರ್ 1883ರಲ್ಲೇ ಸೂಚನೆ ಕೊಟ್ಟಿದ್ದ. ರಷ್ಯಾದ ಮೆರೆಷ್ಕೋವ್‌ಸ್ಕಿ 1905ರಲ್ಲಿ ನೇರವಾಗಿ ಬರೆದ. ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1967ರಲ್ಲಿ ಲಿನ್ ಮಾರ್ಗುಲಿಸ್ ಇದನ್ನೆಲ್ಲ ಒಟ್ಟುಗೂಡಿಸಿ ಪ್ರಬಂಧ ಬರೆದರು. ಆಗ ಅವರ ಹೆಸರು ಲಿನ್ ಸೇಗನ್. ಸುಮಾರು 15 ಪತ್ರಿಕೆಗಳು ಅದನ್ನು ವಾಪಸ್ ಕಳಿಸಿದ್ದವು ಅಂತ ಅವರೇ ಹೇಳುತ್ತಿದ್ದರು.

ಬೋರ್ಡೋ (ಕೊಪ್ಪ):
ಎಲ್ಲ ಸರಿ ಮೇಷ್ಟ್ರೇ. ಆದರೆ ಇದನ್ನು ಕಂಡವರು ಯಾರು? ನೂರೈವತ್ತು ಕೋಟಿ ವರ್ಷದ ಹಿಂದೆ ಒಂದು ಕೋಶ ಇನ್ನೊಂದನ್ನು ನುಂಗಿತು, ಅರಗಿಸಿಕೊಳ್ಳಲಿಲ್ಲ, ಇಬ್ಬರೂ ರಾಜಿಯಾದರು. ಇದು ಕಥೆ ಹೇಳಿದ ಹಾಗಿದೆ. ಹೋಲಿಕೆ ಇದೆ ಅಂದ ಮಾತ್ರಕ್ಕೆ ನೆಂಟಸ್ತಿಕೆ ಆಗುತ್ತಾ?

ಸಾಗರದವಳು (ಈಗ ಬೆಂಗಳೂರು):
ಶಂಕರಘಟ್ಟದಲ್ಲಿ ಎಂಎಸ್ಸಿ ಓದುವಾಗ ನಾನೂ ಇದನ್ನೇ ಕೇಳಿದ್ದೆ. ಎರಡು ಭಾಗ ಮಾಡಿ ಉತ್ತರ ಹೇಳುತ್ತೇನೆ.

ಒಂದು, ನೆಂಟಸ್ತಿಕೆ. ಬರೀ ಹೊರ ಹೋಲಿಕೆ ನೋಡಿ ಹೇಳಿದ್ದಲ್ಲ. 1962-63ರ ಸುಮಾರಿಗೆ ಕ್ಲೋರೋಪ್ಲಾಸ್ಟ್ ಮತ್ತು ಮೈಟೋಕಾಂಡ್ರಿಯಾದೊಳಗೆ ಡಿಎನ್‌ಎ ಕಂಡಿತು. 1970ರ ದಶಕದಲ್ಲಿ ರೈಬೋಸೋಮಿನ ಆರ್‌ಎನ್‌ಎ ಅಕ್ಷರಗಳನ್ನು ಹೋಲಿಸಿ ನೋಡುವುದು ಶುರುವಾಯಿತು. ಒಂದು ಗಿಡದ ಕ್ಲೋರೋಪ್ಲಾಸ್ಟಿನ ಆರ್‌ಎನ್‌ಎ ಅದೇ ಗಿಡದ ಕೋಶಕೇಂದ್ರಕ್ಕೆ ಹತ್ತಿರ ಇರಬೇಕಿತ್ತಲ್ವಾ, ಕ್ಲೋರೋಪ್ಲಾಸ್ಟ್ ಆ ಗಿಡದಲ್ಲೇ ಹುಟ್ಟಿದ್ದಾದರೆ? ಹಾಗಾಗಲಿಲ್ಲ. ಕೊಳದಲ್ಲಿ ತೇಲುವ ಸಯನೋಬ್ಯಾಕ್ಟೀರಿಯಾಕ್ಕೆ ಹತ್ತಿರ ಬಂತು. ಮೈಟೋಕಾಂಡ್ರಿಯಾ ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾ ಅನ್ನುವ ಗುಂಪಿನ ಹತ್ತಿರ ಕೂತಿತು. ಇದು ಸುಳ್ಳಾಗಬಹುದಾಗಿದ್ದ ಪರೀಕ್ಷೆ. ಪಾಸಾಯಿತು. ಇನ್ನೊಂದು ಮಾತು. ಇದೇ ಮಾರ್ಗುಲಿಸ್ ಕೋಶದ ಬಾಲವೂ, ಅಂದರೆ ವೀರ್ಯಾಣುವಿಗಿರುವಂಥ ಕಶಾಂಗವೂ, ಹೊರಗಿನಿಂದ ಬಂದ ಸುರುಳಿ ಬ್ಯಾಕ್ಟೀರಿಯಾ ಅಂತ ವಾದಿಸಿದ್ದರು. ಅದಕ್ಕೆ ಡಿಎನ್‌ಎ ಆಧಾರ ಸಿಗಲಿಲ್ಲ, ಆ ವಾದ ನಿಲ್ಲಲಿಲ್ಲ. ಅವರು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಯಾರೂ ಒಪ್ಪಿಲ್ಲ.

ಎರಡು, ಕಂಡವರು ಯಾರು ಅಂತ ಕೇಳಿದಿರಿ. ಒಬ್ಬರು ಕಂಡಿದ್ದಾರೆ. ಕ್ವಾಂಗ್ ಜಿಯೋನ್ ಅನ್ನುವ ವಿಜ್ಞಾನಿ ಅಮೆರಿಕದಲ್ಲಿ ಅಮೀಬಾ ಸಾಕುತ್ತಿದ್ದರು. 1966ರಲ್ಲಿ ಅವರ ಅಮೀಬಾಗಳಿಗೆ ಒಂದು ಬ್ಯಾಕ್ಟೀರಿಯಾ ತಗುಲಿತು. ಕೋಶದೊಳಗೆ ಸಾವಿರ ಸಾವಿರ ಲೆಕ್ಕದಲ್ಲಿ ತುಂಬಿಕೊಂಡಿತು. ಹೆಚ್ಚಿನವು ಸತ್ತವು. ಬೇರೆಯವರಾಗಿದ್ದರೆ ಚೆಲ್ಲಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಸಾಯದೆ ಉಳಿದವನ್ನು ಆರಿಸಿ ಸಾಕುತ್ತಾ ಹೋದರು. ಕೆಲವೇ ವರ್ಷಗಳಲ್ಲಿ ಅವು ಚೇತರಿಸಿಕೊಂಡವು, ಬ್ಯಾಕ್ಟೀರಿಯಾ ಒಳಗೇ ಇತ್ತು. ಆಮೇಲೆ ಒಂದು ಅಮೀಬಾದ ಕೋಶಕೇಂದ್ರ ತೆಗೆದು ಇನ್ನೊಂದಕ್ಕೆ ಕೂರಿಸಿ ನೋಡಿದರು. ಬ್ಯಾಕ್ಟೀರಿಯಾ ಜೊತೆ ಬದುಕಿ ರೂಢಿಯಾದ ಕೋಶಕೇಂದ್ರವನ್ನು ಬ್ಯಾಕ್ಟೀರಿಯಾ ಇಲ್ಲದ ಅಮೀಬಾಕ್ಕೆ ಹಾಕಿದರೆ ಅದು ಬದುಕಲಿಲ್ಲ. ಸ್ವಲ್ಪ ಬ್ಯಾಕ್ಟೀರಿಯಾ ಸೇರಿಸಿ ಚುಚ್ಚಿದರೆ ಬದುಕಿತು. ಕೊಲ್ಲಲು ಬಂದದ್ದೇ ಇಲ್ಲದೆ ಆಗುವುದಿಲ್ಲ ಅನ್ನುವ ಸ್ಥಿತಿ, ಒಬ್ಬ ಮನುಷ್ಯನ ಕೆಲಸದ ಅವಧಿಯೊಳಗೆ. ಹಾಗಂತ ಅದು ಮೈಟೋಕಾಂಡ್ರಿಯಾ ತರಹದ ಅಂಗವಾಯಿತು ಅಂತಲ್ಲ. ಆದರೆ ಮೊದಲ ಹೆಜ್ಜೆ ಕಟ್ಟುಕಥೆ ಅಲ್ಲ ಅನ್ನಲು ಇಷ್ಟು ಸಾಕು.

ಬೋರ್ಡೋ (ಕೊಪ್ಪ):
ಅಮೀಬಾ ವಿಷಯ ಗೊತ್ತಿರಲಿಲ್ಲ. ಚೆನ್ನಾಗಿದೆ. ಆದರೂ ಮುಂದಿನ ಹೆಜ್ಜೆ ಯಾವುದು? ಯಾವಾಗ 'ಬ್ಯಾಕ್ಟೀರಿಯಾ' ಅನ್ನುವುದನ್ನು ಬಿಟ್ಟು 'ಅಂಗ' ಅನ್ನುತ್ತೀರಿ?

ಗದ್ದೆಬದಿ (ತೀರ್ಥಹಳ್ಳಿ):
ಅಪ್ಪನ ಫೋನಿನಿಂದ ಮಗಳು ಬರೆಯುತ್ತಿದ್ದೇನೆ. ನನ್ನದೂ ಅದೇ ಪ್ರಶ್ನೆ. ಕೋಶದ ಒಳಗೆ ಇದ್ದರೆ ಅಂಗ, ಹೊರಗೆ ಇದ್ದರೆ ಸಹಜೀವಿ, ಅಷ್ಟೇನಾ? ಅಮೀಬಾದೊಳಗಿನ ಬ್ಯಾಕ್ಟೀರಿಯಾ ಒಳಗೇ ಇದೆಯಲ್ಲ.

ಸಾಗರದವಳು (ಈಗ ಬೆಂಗಳೂರು):
ಜಾಗದಿಂದ ತೀರ್ಮಾನ ಆಗುವುದಿಲ್ಲ. ಜೀನ್ ಯಾರ ಹತ್ತಿರ ಇದೆ, ಪ್ರೋಟೀನ್ ಯಾರು ಮಾಡಿ ಕಳಿಸುತ್ತಾರೆ ಅನ್ನುವುದರಿಂದ ಆಗುತ್ತದೆ.

ಮನೆ ಅಳಿಯನ ವಿಷಯ ಯೋಚಿಸು. ಬಂದ ಹೊಸದರಲ್ಲಿ ಅವನ ಜಮೀನಿನ ಪಹಣಿ ಅವನ ಊರಿನಲ್ಲೇ, ಅವನ ಹೆಸರಿನಲ್ಲೇ ಇರುತ್ತದೆ. ಜಗಳ ಆದರೆ ಎದ್ದು ಹೋಗಬಹುದು. ವರ್ಷ ಕಳೆದ ಹಾಗೆ ಒಂದೊಂದೇ ಕಾಗದ ಮಾವನ ಪೆಟ್ಟಿಗೆಗೆ ಸೇರುತ್ತದೆ. ಕೊನೆಗೆ ದಿನದ ಖರ್ಚಿಗೂ ಮಾವನೇ ಪೆಟ್ಟಿಗೆ ತೆಗೆದು ಕೊಡಬೇಕು. ಈಗ ಅವನು ಹೋಗುವುದಾದರೂ ಎಲ್ಲಿಗೆ?

ಈಗ ಲೆಕ್ಕ ನೋಡು. ಸ್ವತಂತ್ರವಾಗಿ ಬದುಕುವ ಸಿನೆಕೋಸಿಸ್ಟಿಸ್ ಅನ್ನುವ ಸಯನೋಬ್ಯಾಕ್ಟೀರಿಯಾದ ಜೀನೋಮನ್ನು 1996ರಲ್ಲಿ ಪೂರ್ತಿ ಓದಿದರು. ಸುಮಾರು 3,200 ಜೀನ್. ಸಾಮಾನ್ಯ ಗಿಡದ ಕ್ಲೋರೋಪ್ಲಾಸ್ಟಿನಲ್ಲಿ ಪ್ರೋಟೀನಿಗೆ ಅಂತ ಉಳಿದಿರುವುದು ಸುಮಾರು 80. ಆದರೆ ಕ್ಲೋರೋಪ್ಲಾಸ್ಟ್ ಕೆಲಸ ಮಾಡಲು 2,000ಕ್ಕೂ ಜಾಸ್ತಿ ಪ್ರೋಟೀನ್ ಬೇಕು. ಮಿಕ್ಕಿದ್ದೆಲ್ಲ ಕೋಶಕೇಂದ್ರದ ಜೀನ್‌ಗಳಿಂದ. ಹೊರಗೆ ತಯಾರಾಗಿ, ವಿಳಾಸದ ಚೂರು ಅಂಟಿಸಿಕೊಂಡು, ಪೊರೆಯ ಬಾಗಿಲು ದಾಟಿ ಒಳಗೆ ಬರುತ್ತವೆ. ನಮ್ಮ ಮೈಟೋಕಾಂಡ್ರಿಯಾ ಇನ್ನೂ ಬಡವ. ಮನುಷ್ಯನ ಮೈಟೋಕಾಂಡ್ರಿಯಾದ ಡಿಎನ್‌ಎಯನ್ನು 1981ರಲ್ಲಿ ಓದಿ ಮುಗಿಸಿದರು. 16,569 ಅಕ್ಷರ, 37 ಜೀನ್. ಅದರಲ್ಲಿ ಪ್ರೋಟೀನಿಗೆ ಬರೀ 13. ಬೇಕಾಗಿರುವುದು ಸಾವಿರಕ್ಕೂ ಮೇಲೆ.

ಆ ಬಾಗಿಲು ಇದೆಯಲ್ಲ, ಹೊರಗಿನ ಪ್ರೋಟೀನನ್ನು ಗುರುತಿಸಿ ಒಳಗೆ ಬಿಟ್ಟುಕೊಳ್ಳುವ ವ್ಯವಸ್ಥೆ, ಅದು ಬಂದ ಮೇಲೆ ಅಂಗ ಅನ್ನುತ್ತಾರೆ. ಜೊತೆಗೆ, ಕೋಶ ಯಾವಾಗ ಎರಡಾಗುತ್ತದೋ ಆ ತಾಳಕ್ಕೆ ಇದೂ ಎರಡಾಗಬೇಕು.

ಬಯಾಲಜಿ ಮೇಷ್ಟ್ರು (ಶಿವಮೊಗ್ಗ):
ಮನೆ ಅಳಿಯ ಚೆನ್ನಾಗಿದ್ದಾನೆ, ಆದರೆ ಒಂದು ಕಡೆ ಎಡವುತ್ತಾನೆ. ಇಲ್ಲಿ ಯಾರೂ ಯೋಚನೆ ಮಾಡಿ ಕಾಗದ ವರ್ಗಾಯಿಸಲಿಲ್ಲ. ಒಳಗಿನ ಬ್ಯಾಕ್ಟೀರಿಯಾಗಳು ಸತ್ತು ಒಡೆದಾಗ ಅವುಗಳ ಡಿಎನ್‌ಎ ಚೂರು ಕೋಶಕೇಂದ್ರದೊಳಗೆ ಹೋಗಿ ಸೇರಿಕೊಳ್ಳುತ್ತದೆ. ಹೆಚ್ಚಿನವು ಕಸವಾಗಿ ಉಳಿಯುತ್ತವೆ. ಅಪರೂಪಕ್ಕೆ ಒಂದು ಕೆಲಸಕ್ಕೆ ಬರುತ್ತದೆ. ಆಗ ಒಳಗಿನ ಪ್ರತಿ ಹಾಳಾದರೂ ನಷ್ಟವಿಲ್ಲ. ಇವತ್ತಿಗೂ ಮನುಷ್ಯರ ಕ್ರೋಮೋಸೋಮುಗಳಲ್ಲಿ ಮೈಟೋಕಾಂಡ್ರಿಯಾದ ಹಳೆಯ ಡಿಎನ್‌ಎ ಚೂರುಗಳು ಸಿಗುತ್ತವೆ.

ಮಳೆಹುಳ (ಆಗುಂಬೆ):
ನಡುವೆ ಬಾಯಿ ಹಾಕುತ್ತಿದ್ದೇನೆ. ಮಸಾಲೆಗೆ ಹಾಕುವ ಕಲ್ಲುಹೂವು, ಅಡಿಕೆ ಮರದ ಮೇಲೆ ಬರುವ ಬಿಳಿ ಬೂದು ತೇಪೆಗಳು, ಇವೂ ಎರಡು ಜೀವ ಸೇರಿ ಆದವು ಅನ್ನುತ್ತಾರಲ್ಲ? ಮರಕ್ಕೆ ಕೆಂಪು-ಕಿತ್ತಳೆ ಬಣ್ಣ ಬಳಿದ ಹಾಗೆ ಬರುತ್ತದಲ್ಲ, ಅದೇನು?

ಬಯಾಲಜಿ ಮೇಷ್ಟ್ರು (ಶಿವಮೊಗ್ಗ):
ಕಲ್ಲುಹೂವು ಶಿಲೀಂಧ್ರ ಮತ್ತು ಪಾಚಿಯ ಜೋಡಿ. ಶಿಲೀಂಧ್ರದ ಎಳೆಗಳ ಮಧ್ಯೆ ಪಾಚಿಕೋಶ ಬೇರೆಯಾಗಿಯೇ ಇರುತ್ತದೆ, ಒಳಗೆ ಹೋಗಿ ಅಂಗವಾಗುವುದಿಲ್ಲ. ಕಿತ್ತಳೆ ಬಣ್ಣದ್ದು ಟ್ರೆಂಟಿಪೋಲಿಯಾ. ಅದು ವರ್ಗದಲ್ಲಿ ಹಸಿರು ಪಾಚಿಯೇ, ಕ್ಯಾರೋಟಿನ್ ತುಂಬಿಕೊಂಡು ಹಸಿರು ಮುಚ್ಚಿಹೋಗಿದೆ ಅಷ್ಟೆ. ಮರದ ಮೇಲಿನ ತೇಪೆಗಳಿಂದ ಮರಕ್ಕೆ ತೊಂದರೆ ಇಲ್ಲ, ಸುಮ್ನೆ ಕೆರೆಯಲು ಹೋಗಬೇಡಿ.

ಸ್ಲೈಡ್ ನೋಡುವವ (ಶಿವಮೊಗ್ಗ):
ಲ್ಯಾಬಿನಲ್ಲಿ ಕೆಲಸ ಮಾಡುವವನು ನಾನು. ಇದು ಬರೀ ಪುಸ್ತಕದ ವಿಚಾರ ಅಂತ ಅನ್ನಿಸಬಾರದು ಅಂತ ಬರೆಯುತ್ತಿದ್ದೇನೆ.

ಆಂಟಿಬಯಾಟಿಕ್‌ಗಳಲ್ಲಿ ಕೆಲವು ಬ್ಯಾಕ್ಟೀರಿಯಾದ ರೈಬೋಸೋಮನ್ನು ಹಿಡಿದು ನಿಲ್ಲಿಸುತ್ತವೆ. ನಮ್ಮ ಕೋಶದ ರೈಬೋಸೋಮ್ ಬೇರೆ ತರಹದ್ದು, ಹಾಗಾಗಿ ನಮಗೆ ಏಟಿಲ್ಲ. ಆದರೆ ಮೈಟೋಕಾಂಡ್ರಿಯಾದ ರೈಬೋಸೋಮ್ ಬ್ಯಾಕ್ಟೀರಿಯಾ ವಂಶದ್ದು. ಕ್ಲೋರಾಂಫೆನಿಕಾಲ್ ಅದಕ್ಕೂ ಅಂಟಿಕೊಳ್ಳುತ್ತದೆ. ಜಾಸ್ತಿ ದಿನ, ಜಾಸ್ತಿ ಡೋಸ್ ಕೊಟ್ಟರೆ ಮೂಳೆ ಮಜ್ಜೆಯಲ್ಲಿ ರಕ್ತಕಣ ತಯಾರಾಗುವುದು ತಗ್ಗುತ್ತದೆ. ಹಿಂದೆ ಟೈಫಾಯ್ಡ್‌ಗೆ ಧಾರಾಳವಾಗಿ ಬಳಸುತ್ತಿದ್ದ ಔಷಧಿ ಈಗ ಕಡಿಮೆಯಾಗಲು ಮಜ್ಜೆಯ ಮೇಲಿನ ಇಂಥ ತೊಂದರೆಗಳೂ ಕಾರಣ. ಇನ್ನೊಂದು, ಸ್ಟ್ರೆಪ್ಟೋಮೈಸಿನ್, ಜೆಂಟಾಮೈಸಿನ್ ಗುಂಪು. ಕೆಲವು ಕುಟುಂಬಗಳಲ್ಲಿ ಮೈಟೋಕಾಂಡ್ರಿಯಾದ ಡಿಎನ್‌ಎಯಲ್ಲಿ 1555ನೇ ಅಕ್ಷರ ಬದಲಾಗಿರುತ್ತದೆ. ಆ ಒಂದು ಅಕ್ಷರದಿಂದ ಅವರ ರೈಬೋಸೋಮ್ ಇನ್ನೂ ಬ್ಯಾಕ್ಟೀರಿಯಾದ ಹಾಗೆ ಆಗುತ್ತದೆ. ಅಂಥವರಿಗೆ ಈ ಇಂಜೆಕ್ಷನ್ ಕೊಟ್ಟರೆ ಕಿವಿ ಹೋಗಬಹುದು. ಅದು ತಾಯಿಯ ಕಡೆಯಿಂದಲೇ ಬರುತ್ತದೆ. ಹಾಗಾಗಿ ಅಮ್ಮನ ಕಡೆ ಯಾರಿಗಾದರೂ ಇಂಜೆಕ್ಷನ್ ಆದಮೇಲೆ ಕಿವಿ ಕೇಳದೆ ಹೋಗಿದ್ದರೆ ಡಾಕ್ಟರಿಗೆ ಹೇಳಿ. ಇದನ್ನು ಓದಿ ಯಾರೂ ಔಷಧಿ ನಿಲ್ಲಿಸಬೇಡಿ ಮತ್ತೆ.

ಮಲೇರಿಯಾ ಇನ್ನೂ ಮಜವಾಗಿದೆ. ಸ್ಲೈಡಿನಲ್ಲಿ ಕೆಂಪು ರಕ್ತಕಣದೊಳಗೆ ಉಂಗುರದ ಆಕಾರದಲ್ಲಿ ಕಾಣುತ್ತದಲ್ಲ ಪ್ಲಾಸ್ಮೋಡಿಯಂ, ಅದರೊಳಗೆ ಅಪಿಕೋಪ್ಲಾಸ್ಟ್ ಅಂತ ಒಂದು ಅಂಗ ಇದೆ. ಕ್ಲೋರೋಪ್ಲಾಸ್ಟಿನ ದಾಯಾದಿ! ಹಸಿರಿಲ್ಲ, ಬಿಸಿಲೂ ಬೇಕಿಲ್ಲ, ನಾಲ್ಕು ಪೊರೆ. ಯಾಕೆ ನಾಲ್ಕು ಅಂದರೆ, ಮೊದಲು ಕೆಂಪು ಪಾಚಿಯ ಪೂರ್ವಜ ಸಯನೋಬ್ಯಾಕ್ಟೀರಿಯಾವನ್ನು ಒಳಗೆ ತೆಗೆದುಕೊಂಡಿತ್ತು. ಆ ಕೆಂಪು ಪಾಚಿಯನ್ನೇ ಇನ್ನೊಂದು ಕೋಶ ಒಳಗೆ ತೆಗೆದುಕೊಂಡಿತು. ಪರಾವಲಂಬಿಗೆ ಬೇಕಾದ ಕೆಲವು ಕೊಬ್ಬಿನ ಜಾತಿಯ ವಸ್ತುಗಳನ್ನು ಈ ಅಂಗ ಇವತ್ತಿಗೂ ಮಾಡುತ್ತದೆ. ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾಕ್ಕೆ ಕೊಡುವ ಔಷಧಿ, ಮಲೇರಿಯಾದಲ್ಲಿ ಯಾಕೆ ಕೆಲಸ ಮಾಡುತ್ತದೆ? ಈ ಅಂಗದ ರೈಬೋಸೋಮಿಗೆ ಹೊಡೆಯುತ್ತದೆ. ಆನೆಕಾಲು ರೋಗದ ಹುಳುವಿನೊಳಗೂ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಇದೆ. ಅದೇ ಮಾತ್ರೆಯಿಂದ ವೊಲ್ಬಾಕಿಯಾ ಸತ್ತರೆ ಹುಳುವೂ ಮರಿ ಹಾಕಲಾಗದೆ ಸೊರಗುತ್ತದೆ.

ಬೋರ್ಡೋ (ಕೊಪ್ಪ):
ಇದು ನನಗೆ ಹಿಡಿಸಿತು. ಹಾಗಾದರೆ ನಮ್ಮ ಕಡೆ ಅಡಿಕೆ ತೋಟ ಹಾಳು ಮಾಡುತ್ತಿರುವ ಹಳದಿ ಎಲೆ ರೋಗವೂ ಕೋಶದೊಳಗೆ ಹೊಕ್ಕ ಬ್ಯಾಕ್ಟೀರಿಯಾದಿಂದ ಅನ್ನುತ್ತಾರೆ. ಶೃಂಗೇರಿ, ಕೊಪ್ಪ ಕಡೆ ಎಷ್ಟು ತೋಟ ಹೋಗಿದೆ ನಿಮಗೇ ಗೊತ್ತು. ಅದು ಯಾಕೆ ರಾಜಿ ಆಗುವುದಿಲ್ಲ?

ಸಾಗರದವಳು (ಈಗ ಬೆಂಗಳೂರು):
ಫೈಟೋಪ್ಲಾಸ್ಮಾ. ಕೋಶಗೋಡೆ ಇಲ್ಲದ ಪುಟ್ಟ ಬ್ಯಾಕ್ಟೀರಿಯಾ. ಗಿಡದ ಆಹಾರ ಸಾಗುವ ನಾಳದ ಕೋಶಗಳೊಳಗೆ ಇರುತ್ತದೆ, ರಸ ಹೀರುವ ಜಿಗಿಹುಳದಿಂದ ಮರದಿಂದ ಮರಕ್ಕೆ ಹೋಗುತ್ತದೆ. ಇದೂ ಬಹಳಷ್ಟು ಜೀನ್ ಕಳೆದುಕೊಂಡಿದೆ. ಪೂರ್ತಿ ಓದಿದ ಫೈಟೋಪ್ಲಾಸ್ಮಾ ಜೀನೋಮುಗಳಲ್ಲಿ ಎಟಿಪಿ (ಕೋಶ ಶಕ್ತಿಗೆ ಅಂತ ಖರ್ಚು ಮಾಡುವ ವಸ್ತು) ತಯಾರಿಸುವ ಸಿಂಥೇಸ್ ಯಂತ್ರದ ಜೀನೇ ಕಾಣಲಿಲ್ಲ. ಶಕ್ತಿಗೂ ಗಿಡವನ್ನೇ ಹೀರಬೇಕು. ಮೈಟೋಕಾಂಡ್ರಿಯಾ ಇದಕ್ಕೆ ತೀರಾ ಉಲ್ಟಾ, ಎಟಿಪಿ ಮಾಡಿ ಹೊರಗೆ ಕಳಿಸುತ್ತದೆ.

ರಾಜಿ ಯಾಕಿಲ್ಲ? ದಾಟುವ ದಾರಿ ನೋಡಿ. ಅಜೋಲಾದ ಪಾಚಿ ತಾಯಿಯಿಂದ ಮರಿಗೆ ಮಾತ್ರ ಹೋಗುತ್ತದೆ. ಗಿಡ ಸತ್ತರೆ ಪಾಚಿಯೂ ಮುಗಿಯಿತು. ಹಾಗಾಗಿ ಗಿಡ ಚೆನ್ನಾಗಿದ್ದರೇ ಅದಕ್ಕೆ ಲಾಭ. ಫೈಟೋಪ್ಲಾಸ್ಮಾಕ್ಕೆ ಹುಳದ ಬಸ್ಸು ಸಿಗುತ್ತದೆ. ಈ ಮರ ಸೊರಗಿದರೂ ಇನ್ನೊಂದು ಮರ ಇದೆ. ಜೀನ್ ಕಳೆದುಕೊಂಡಿದ್ದೆಲ್ಲ ಒಳ್ಳೆಯ ನೆಂಟ ಆಗುತ್ತದೆ ಅನ್ನುವ ನಿಯಮ ಇಲ್ಲ.

ದನದ ಡಾಕ್ಟ್ರು (ಹೊಸನಗರ):
ತಾಯಿಯಿಂದ ಮರಿಗೆ ಅಂದಿರಲ್ಲ, ನಮ್ಮ ಅಲಸಂದೆ ಬಳ್ಳಿಯ ಕಪ್ಪು ಹೇನು ನೋಡಿ. ಅದು ಕುಡಿಯುವ ರಸದಲ್ಲಿ ಸಕ್ಕರೆ ಧಾರಾಳ, ಅಮೈನೋ ಆಮ್ಲ ಸಾಲದು. ಅದರ ಹೊಟ್ಟೆಯ ವಿಶೇಷ ಕೋಶಗಳೊಳಗೆ ಬುಕ್ನೆರಾ ಅನ್ನುವ ಬ್ಯಾಕ್ಟೀರಿಯಾ ಕೂತು ಅದನ್ನು ಮಾಡಿಕೊಡುತ್ತದೆ. ಉಣುಗಿನ ಕಥೆಯೂ ಹಾಗೇ. ಬರೀ ರಕ್ತ ಕುಡಿದರೆ ಬಿ ವಿಟಮಿನ್ ಸಾಲುವುದಿಲ್ಲ. ಬಹಳಷ್ಟು ಜಾತಿಯ ಉಣುಗುಗಳೊಳಗೆ ಅದನ್ನು ಮಾಡಿಕೊಡುವ ಬ್ಯಾಕ್ಟೀರಿಯಾ ಇರುತ್ತವೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮಾತ್ರ ಬೇರೆ, ಅದು ವೈರಸ್. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾಗಿದ್ದು. ಎರಡನ್ನೂ ಕಲಸಬೇಡಿ.

ಮತ್ತೆ, ಅಜೋಲಾ ತಿಂದ ದನದ ಹೊಟ್ಟೆಯೊಳಗೂ ಈ ಚರ್ಚೆ ನಡೆಯುತ್ತಿದೆ ಗೊತ್ತಾ! ದನದ ದೊಡ್ಡ ಹೊಟ್ಟೆಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಈಜುವ ರೋಮವಿರುವ ಏಕಕೋಶ ಜೀವಿಗಳಿವೆ. ಹಸಿ ರಸ ಒಂದು ತೊಟ್ಟು ಸ್ಲೈಡಿನ ಮೇಲೆ ಬೆಚ್ಚಗಿರುವಾಗಲೇ ಹಾಕಿದರೆ ಸಣ್ಣ ಲೆನ್ಸಿನಲ್ಲೇ ಗಿರಗಿರ ತಿರುಗುವುದು ಕಾಣುತ್ತದೆ. ಅವಕ್ಕೆ ಮಾಮೂಲಿ ಮೈಟೋಕಾಂಡ್ರಿಯಾ ಇಲ್ಲ. ಅದೇ ಅಂಗ ಬದಲಾಗಿ ಹೈಡ್ರೋಜೆನೋಸೋಮ್ ಆಗಿದೆ, ಆಮ್ಲಜನಕ ಇಲ್ಲದೆ ಕೆಲಸ ಮಾಡಿ ಹೈಡ್ರೋಜನ್ ಬಿಡುತ್ತದೆ. ಆ ಹೈಡ್ರೋಜನ್ ಹಿಡಿದು ಮೀಥೇನ್ ಮಾಡುವ ಆರ್ಕಿಯಾ (ಬ್ಯಾಕ್ಟೀರಿಯಾದ ಹಾಗೆ ಕಂಡರೂ ಬೇರೆ ವಂಶದ ಸೂಕ್ಷ್ಮಜೀವಿಗಳು) ಕೆಲವು ಸಲ ಆ ಜೀವಿಯ ಮೈಗೆ ಅಂಟಿಕೊಂಡಿರುತ್ತವೆ, ಕೆಲವು ಸಲ ಅದರ ಒಳಗೇ ಇರುತ್ತವೆ. ದನ ತೇಗಿದಾಗ ಬರುವ ಗ್ಯಾಸಿನಲ್ಲಿ ಇವರ ಪಾಲೂ ಇದೆ.

ಮಳೆಹುಳ (ಆಗುಂಬೆ):
ಮೈಟೋಕಾಂಡ್ರಿಯಾ ಪೂರ್ತಿ ಇಲ್ಲದೆ ಬದುಕುವ ಕೋಶ ಇದೆಯಾ? ಬ್ಯಾಕ್ಟೀರಿಯಾ ಬಿಟ್ಟು.

ಸಾಗರದವಳು (ಈಗ ಬೆಂಗಳೂರು):
ಒಂದು ಸಿಕ್ಕಿದೆ. ಮೊನೊಸೆರ್ಕೊಮೊನಾಯ್ಡಿಸ್. 2016ರಲ್ಲಿ ವರದಿಯಾಯಿತು. ಚಿಂಚಿಲ್ಲಾ ಅನ್ನುವ ಇಲಿಜಾತಿಯ ಪ್ರಾಣಿಯ ಕರುಳಿನಿಂದ ಬಂದದ್ದು. ಅದರ ಪೂರ್ವಜರಲ್ಲಿ ಮೈಟೋಕಾಂಡ್ರಿಯಾ ಇತ್ತು, ಇದರಲ್ಲಿ ಹೋಗಿದೆ. ನಿಮ್ಮ ಕೆಂಪು ರಕ್ತಕಣದಲ್ಲೂ ಇರುವುದಿಲ್ಲ, ಆದರೆ ಅದು ನಾಲ್ಕು ತಿಂಗಳು ಬಾಳುವ ಕೋಶ, ಮರಿ ಹಾಕುವುದಿಲ್ಲ.

ಬಯಾಲಜಿ ಮೇಷ್ಟ್ರು (ಶಿವಮೊಗ್ಗ):
ಹಾಗಾದರೆ ಮೈಟೋಕಾಂಡ್ರಿಯಾವನ್ನು ಒಳಗೆ ಬಿಟ್ಟುಕೊಂಡ ಯಜಮಾನ ಯಾರು ಅನ್ನುವುದೂ ಹೇಳಬೇಕು. ಅದು ಆರ್ಕಿಯಾ ಗುಂಪಿನದು. 2015ರಲ್ಲಿ ಆರ್ಕ್ಟಿಕ್ ಸಮುದ್ರದ ಕೆಸರಿನ ಡಿಎನ್‌ಎಯಲ್ಲಿ ಲೋಕಿಆರ್ಕಿಯಾ ಅನ್ನುವ ಗುಂಪು ಸಿಕ್ಕಿತು. ನಮ್ಮಂಥ ಕೋಶಗಳಲ್ಲಿ ಮಾತ್ರ ಇವೆ ಅಂದುಕೊಂಡಿದ್ದ ಕೆಲವು ಜೀನ್‌ಗಳು ಅದರಲ್ಲಿದ್ದವು. ಜಪಾನಿನವರು 12 ವರ್ಷ ಕಷ್ಟಪಟ್ಟು ಈ ನೆಂಟರ ಪೈಕಿ ಒಂದನ್ನು ಲ್ಯಾಬಿನಲ್ಲಿ ಬೆಳೆಸಿ 2020ರಲ್ಲಿ ಪ್ರಕಟಿಸಿದರು. ಉದ್ದ ಉದ್ದ ಕೈ ಚಾಚಿಕೊಂಡಿರುವ ಪುಟಾಣಿ ಕೋಶ. ಒಂಟಿಯಾಗಿ ಬೆಳೆಯುವುದಿಲ್ಲ, ಪಕ್ಕದಲ್ಲಿ ಬೇರೆ ಸೂಕ್ಷ್ಮಜೀವಿ ಬೇಕು. ಮೈಟೋಕಾಂಡ್ರಿಯಾ ಮೊದಲು ಬಂದು ಆಮೇಲೆ ಕೋಶಕೇಂದ್ರ ಆಯಿತೋ, ಕೋಶಕೇಂದ್ರವೇ ಮೊದಲೋ, ಈ ಜಗಳ ವಿಜ್ಞಾನಿಗಳಲ್ಲಿ ಜೋರಾಗಿಯೇ ನಡೆಯುತ್ತಿದೆ. ಆದರೆ ಎರಡು ಬೇರೆ ಬೇರೆ ವಂಶದ ಜೀವ ಸೇರಿ ನಾವು ಆಗಿದ್ದೇವೆ ಅನ್ನುವುದರಲ್ಲಿ ಜಗಳ ಇಲ್ಲ.

ಗದ್ದೆಬದಿ (ತೀರ್ಥಹಳ್ಳಿ):
ಮತ್ತೆ ಮಗಳು. ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ನಿಜವಾಗಿ ಅಂಗ ಆಗಿದ್ದು ಎಲ್ಲಾದರೂ ಇದೆಯಾ? ಇದ್ದಿದ್ದರೆ ಭತ್ತಕ್ಕೆ ಯೂರಿಯಾ ಬೇಡ ಅಲ್ವಾ?

ಸಾಗರದವಳು (ಈಗ ಬೆಂಗಳೂರು):
ನೀನು ಕೇಳಬೇಕಾದ್ದನ್ನೇ ಕೇಳಿದೆ. ಇದೆ. 2024ರಲ್ಲಿ ಪ್ರಕಟವಾಯಿತು. ಬ್ರಾರುಡೋಸ್ಫೇರಾ ಬಿಗೆಲೋವಿ ಅನ್ನುವ ಸಮುದ್ರದ ಏಕಕೋಶ ಪಾಚಿ. ಅದರೊಳಗೆ ಸಾರಜನಕ ಹಿಡಿಯುವ ಸಯನೋಬ್ಯಾಕ್ಟೀರಿಯಾ ಇರುವುದು ಮೊದಲೇ ಗೊತ್ತಿತ್ತು, ಸಹಜೀವಿ ಅಂದುಕೊಂಡಿದ್ದರು. ಈ ಪಾಚಿಯನ್ನು ಲ್ಯಾಬಿನಲ್ಲಿ ಬೆಳೆಸಲು ಸಾಧ್ಯವಾದ ಮೇಲೆ ಎಕ್ಸ್‌ರೇಯಲ್ಲಿ ನೋಡಿದರು. ಕೋಶ ಎರಡಾಗುವ ತಾಳಕ್ಕೆ ಸರಿಯಾಗಿ ಇದೂ ಎರಡಾಗುತ್ತಿತ್ತು. ಅದಕ್ಕಿಂತ ಮುಖ್ಯ, ಅದರೊಳಗಿನ ಪ್ರೋಟೀನುಗಳಲ್ಲಿ ದೊಡ್ಡ ಪಾಲು ಹೊರಗಿನ ಕೋಶಕೇಂದ್ರದ ಜೀನಿನಿಂದ ತಯಾರಾಗಿ, ವಿಳಾಸದ ಚೂರು ಹಚ್ಚಿಕೊಂಡು ಬಂದವು. ಹಾಗಾಗಿ ಅದನ್ನು ಅಂಗ ಅಂತ ಕರೆದು ನೈಟ್ರೋಪ್ಲಾಸ್ಟ್ ಅಂತ ಹೆಸರಿಟ್ಟರು. ಸುಮಾರು 10 ಕೋಟಿ ವರ್ಷ ಹಳೆಯದು. ಕ್ಲೋರೋಪ್ಲಾಸ್ಟಿನ ಮುಂದೆ ಎಳೆಗೂಸು. ಪಾಲಿನೆಲ್ಲಾ ಅನ್ನುವ ಅಮೀಬಾ ತರಹದ ಜೀವಿಯೂ ಹೆಚ್ಚುಕಡಿಮೆ ಅಷ್ಟೇ ಹಿಂದೆ ಬೇರೆ ಸಯನೋಬ್ಯಾಕ್ಟೀರಿಯಾ ಹಿಡಿದು ತನ್ನದೇ ಹಸಿರು ಅಂಗ ಮಾಡಿಕೊಂಡಿದೆ.

ಭತ್ತಕ್ಕೆ ಇದನ್ನು ಹಾಕಬಹುದಾ ಅಂದರೆ, ಬ್ಯಾಕ್ಟೀರಿಯಾವನ್ನು ಕೋಶದೊಳಗೆ ತಳ್ಳಿದರೆ ಸಾಲದು. ವಿಳಾಸ ಹಚ್ಚಿದ ನೂರಾರು ಪ್ರೋಟೀನ್, ಬಾಗಿಲು, ತಾಳ, ಎಲ್ಲ ಬೇಕು. ಅಲ್ಲಿವರೆಗೆ ಗದ್ದೆಯಲ್ಲಿ ಅಜೋಲಾ ಬಿಡುವುದೇ ಸುಲಭ. ನಿಮ್ಮ ಗುಂಡಿಗೆ ಯೂರಿಯಾ ಹಾಕದೆ ಸೂಪರ್ ಫಾಸ್ಫೇಟ್ ಮಾತ್ರ ಹಾಕಲು ಹೇಳುವುದೂ ಇದಕ್ಕೇ. ಸಾರಜನಕ ಗಾಳಿಯಿಂದ ಬರುತ್ತದೆ, ರಂಜಕ ಬರುವುದಿಲ್ಲ.

ಬೋರ್ಡೋ (ಕೊಪ್ಪ):
ಒಂದು ಕೊನೆಯ ಅನುಮಾನ. ನರ್ಸರಿಯಲ್ಲಿ ಅಡಿಕೆ ಸಸಿ ಮಾಡುವಾಗ ಆಗೊಂದು ಈಗೊಂದು ಬಿಳಿ ಸಸಿ ಬರುತ್ತದೆ. ಸುಳಿಯಿಂದ ಬುಡದವರೆಗೆ ಹಾಲಿನ ಬಿಳಿ. ಸ್ವಲ್ಪ ದಿನ ಚೆನ್ನಾಗಿಯೇ ಇರುತ್ತದೆ, ಆಮೇಲೆ ಒಣಗುತ್ತದೆ. ಕ್ಲೋರೋಪ್ಲಾಸ್ಟೂ ತಾಯಿಯಿಂದಲೇ ಬರುತ್ತದೆ ಅಂತ ಕೇಳಿದ್ದೇನೆ. ಹಾಗಾದರೆ ಸಸಿ ಬಿಳಿ ಯಾಕೆ, ತಾಯಿ ಮರ ಹಚ್ಚ ಹಸಿರು ಇದೆಯಲ್ಲ?

ಬಯಾಲಜಿ ಮೇಷ್ಟ್ರು (ಶಿವಮೊಗ್ಗ):
ಎರಡು ರೀತಿಯಲ್ಲಿ ಬಿಳಿ ಆಗಬಹುದು. ಒಂದು, ಕ್ಲೋರೋಪ್ಲಾಸ್ಟಿನದೇ ಡಿಎನ್‌ಎ ಕೆಟ್ಟಿರುವುದು. ಇದನ್ನು ತೋರಿಸಿಕೊಟ್ಟಿದ್ದು ನಮ್ಮ ಅಂಗಳದ ಸಂಜೆಮಲ್ಲಿಗೆ. 1909ರಲ್ಲಿ ಕಾರ್ಲ್ ಕೋರೆನ್ಸ್ ಎಲೆಯಲ್ಲಿ ಬಿಳಿ ಪಟ್ಟೆ ಇರುವ ಸಂಜೆಮಲ್ಲಿಗೆ ಇಟ್ಟುಕೊಂಡು ನೋಡಿದ. ಒಂದೇ ಗಿಡದಲ್ಲಿ ಪೂರ್ತಿ ಹಸಿರು ಕೊಂಬೆ, ಪೂರ್ತಿ ಬಿಳಿ ಕೊಂಬೆ, ಪಟ್ಟೆ ಕೊಂಬೆ ಇದ್ದವು. ಹಸಿರು ಕೊಂಬೆಯ ಹೂವಿನಿಂದ ಹಸಿರು ಸಸಿ, ಬಿಳಿ ಕೊಂಬೆಯ ಹೂವಿನಿಂದ ಬಿಳಿ ಸಸಿ. ಪರಾಗ ಯಾವ ಕೊಂಬೆಯಿಂದ ತಂದು ಹಾಕಿದರೂ ಲೆಕ್ಕಕ್ಕಿಲ್ಲ. ಒಳಗೆ ಡಿಎನ್‌ಎ ಇದೆ ಅಂತ ಗೊತ್ತಾಗುವ ಅರ್ಧ ಶತಮಾನದ ಮೊದಲು! ಹೂವಿನ ಬಣ್ಣದ ಗೆರೆಗಳದ್ದು ಬೇರೆ ಕಥೆ, ಅದನ್ನು ಇದಕ್ಕೆ ಸೇರಿಸಬೇಡಿ.

ಎರಡನೆಯದು ನಿಮ್ಮ ಪ್ರಶ್ನೆಗೆ ಹತ್ತಿರ. ಕ್ಲೋರೋಪ್ಲಾಸ್ಟ್ ಕಟ್ಟುವ ಹೆಚ್ಚಿನ ಜೀನ್ ಕೋಶಕೇಂದ್ರದಲ್ಲಿದೆ ಅಂತ ಆಗಲೇ ಬಂತಲ್ಲ. ಆ ಜೀನಿನ ಒಂದು ಪ್ರತಿ ಕೆಟ್ಟಿದ್ದರೂ ಮರ ಹಸಿರಾಗಿಯೇ ಇರುತ್ತದೆ. ತಾಯಿಯಿಂದ ಒಂದು ಕೆಟ್ಟ ಪ್ರತಿ, ಪರಾಗದಿಂದ ಒಂದು ಕೆಟ್ಟ ಪ್ರತಿ ಸೇರಿದ ಕಾಯಿ ಮಾತ್ರ ಬಿಳಿ ಸಸಿ ಕೊಡುತ್ತದೆ. ಹಸಿರು ಮರಕ್ಕೆ ಅಪರೂಪಕ್ಕೆ ಬಿಳಿ ಸಸಿ ಹುಟ್ಟಿದರೆ ಸಾಮಾನ್ಯವಾಗಿ ಇದೇ ಕಾರಣ. ಕಾಯಿಯೊಳಗಿನ ತಿರುಳು ಮುಗಿಯುವವರೆಗೆ ಬದುಕುತ್ತದೆ, ಆಮೇಲೆ ಊಟ ಇಲ್ಲ.

ಬೋರ್ಡೋ (ಕೊಪ್ಪ):
ಹಾಗಾದರೆ ಹಿರೇಹಳ್ಳಿ ಗಿಡ್ಡ ಅಡಿಕೆ ತಳಿಯನ್ನು ಸುಮಂಗಲ ತಳಿಯ ಜೊತೆ ಕೂಡಿಸಿದ ಹೈಬ್ರಿಡ್ ಸಸಿ ತಂದರೆ, ಹಸಿರು ಯಾರದ್ದು?

ಬಯಾಲಜಿ ಮೇಷ್ಟ್ರು (ಶಿವಮೊಗ್ಗ):
ಹೂಬಿಡುವ ಗಿಡಗಳಲ್ಲಿ ಹೆಚ್ಚಾಗಿ ತಾಯಿಯಿಂದಲೇ. ಆ ಹೈಬ್ರಿಡ್‌ನಲ್ಲಿ ತಾಯಿ ಹಿರೇಹಳ್ಳಿ ಗಿಡ್ಡ, ಹಾಗಾಗಿ ಕ್ಲೋರೋಪ್ಲಾಸ್ಟ್ ಅದರದ್ದು ಅಂತ ಎಣಿಸಬಹುದು. ಎಲ್ಲ ಗಿಡಕ್ಕೂ ಈ ಮಾತು ಹೇಳಲು ಬರುವುದಿಲ್ಲ. ಪೈನ್ ಮರದಲ್ಲಿ ತಂದೆಯಿಂದ ಬರುತ್ತದೆ, ಜೆರೇನಿಯಂನಲ್ಲಿ ಇಬ್ಬರಿಂದಲೂ ಬರಬಹುದು.

ಬೋರ್ಡೋ (ಕೊಪ್ಪ):
ಸರಿ, ಮುಂದಿನ ಸಲ ನರ್ಸರಿಯಲ್ಲಿ ತಾಯಿ ಮರ ಯಾವುದು ಅಂತ ಕೇಳುತ್ತೇನೆ.

ದನದ ಡಾಕ್ಟ್ರು (ಹೊಸನಗರ):
ಕೇಳಿ. ಬಿಲ್ಲನ್ನೂ ಕೇಳಿ, ಅದನ್ನು ಯಾರೂ ಕೊಡುವುದಿಲ್ಲ.